ಮಳೆಗಾಲದಲ್ಲಿ ಅಲಂಕೃತ ಮೊದಲಕ್ಷರ: ಶಾಯಿ ಹರಡುತ್ತದೆ, ‘ಶ್ರೀ’ ಚೌಕದೊಳಗೆ ಕೂರುತ್ತಿಲ್ಲ

ಪ್ರಶ್ನೆ (ವಿರಾಜಪೇಟೆ)

ಎಲ್ಲರಿಗೂ ನಮಸ್ಕಾರ. ನಮ್ಮ ಒಕ್ಕದ (ಕೊಡವ ಮನೆತನದ) ವಂಶಾವಳಿಯನ್ನು ಕೈಯಲ್ಲೇ ಬರೆದು ಸುಗ್ಗಿಯ ಹಬ್ಬ ಪುತ್ತರಿಯ ಹೊತ್ತಿಗೆ ಐನ್‌ಮನೆಯಲ್ಲಿ (ಮನೆತನದ ಮೂಲಮನೆಯಲ್ಲಿ) ಇಡಬೇಕೆಂದಿದ್ದೇನೆ. ಯುರೋಪಿನ ಮಧ್ಯಯುಗದ ಹಸ್ತಪ್ರತಿಗಳಲ್ಲಿರುವಂತೆ ಪ್ರತಿಯೊಂದು ತಲೆಮಾರಿನ ಪುಟವೂ ದೊಡ್ಡ ಅಲಂಕೃತ ಅಕ್ಷರದಿಂದ ಆರಂಭವಾಗಬೇಕೆಂಬುದು ನನ್ನ ಆಸೆ. ಬೇಸಿಗೆಯಲ್ಲಿ 2.5 ಮಿ.ಮೀ. ಚಪ್ಪಟೆ ನಿಬ್ಬಿನಿಂದ ಚೊಕ್ಕಟವಾಗಿ ಬರುತ್ತಿದ್ದ ಗೆರೆ, ಜುಲೈ ಬಂದ ಮೇಲೆ ಅದೇ ಕಾಗದದ ಮೇಲೆ ಹರಡುತ್ತಿದೆ. ಇನ್ನೊಂದು ತೊಡಕೆಂದರೆ, ಮೊದಲ ಪುಟದ ‘ಶ್ರೀ’ಯನ್ನು ಚೌಕದೊಳಗೆ ಬರೆದರೆ ಮೇಲೆ ಗುಡಿಸು, ಕೆಳಗೆ ಒತ್ತು, ಪಕ್ಕದಲ್ಲಿ ದೀರ್ಘ ಹೀಗೆ ಮೂರು ಕಡೆಯೂ ಅಕ್ಷರ ಹೊರಚಾಚುತ್ತದೆ. ತಿಳಿದವರು ದಯವಿಟ್ಟು ಸಲಹೆ ನೀಡಬೇಕು.

ಉತ್ತರ 1 (ಸೋಮವಾರಪೇಟೆ)

ತಪ್ಪು ನಿಮ್ಮ ಕೈಯದಲ್ಲ, ಕಾಗದದ್ದು. ಶಾಯಿ ಹೀರದಿರಲೆಂದು ಕಾಗದಕ್ಕೆ ಕೊಟ್ಟಿರುವ ಅಂಟಿನ ಲೇಪ ತೇವದಲ್ಲಿ ಸೋಲುತ್ತದೆ. ಬಟ್ಟೆಗೆ ಬೂಷ್ಟು ಹಿಡಿಯದಂತೆ ಬೀರುವಿನಲ್ಲಿ ಸಣ್ಣ ಬಲ್ಬು ಉರಿಸುತ್ತೇವಲ್ಲ, ಕಾಗದವನ್ನೂ ಅಲ್ಲೇ ಇಟ್ಟು, ಬರೆಯುವಾಗ ಒಂದೊಂದೇ ಹಾಳೆ ಹೊರತೆಗೆಯಿರಿ. ಫೌಂಟನ್ ಪೆನ್ನಿನ ತೆಳು ಶಾಯಿಯನ್ನು ಬಿಟ್ಟು, ಗ್ವಾಶ್ ಬಣ್ಣವನ್ನು (ನೀರಿನಲ್ಲಿ ಕಲಸುವ, ಕೆಳಗಿನದು ಕಾಣದಂತೆ ಮುಚ್ಚುವ ದಟ್ಟ ಬಣ್ಣ) ಹಾಲಿನ ಹದಕ್ಕೆ ಕಲಸಿ ಬಳಸಿ. ಚರ್ಮದ ಹಾಳೆಗಳ ಮೇಲೆ ಬರೆದವರಿಗೂ ತೇವದ ಕಾಟ ತಪ್ಪಿರಲಿಲ್ಲ. ಹಾಳೆ ಸೊಟ್ಟಗಾಗಿ ಪುಸ್ತಕ ಬಾಯಿ ತೆರೆಯಬಾರದೆಂದೇ ರಟ್ಟಿಗೆ ಕೊಂಡಿ ಹಾಕುತ್ತಿದ್ದರು.

ಉತ್ತರ 2 (ಮಡಿಕೇರಿ)

ಚೌಕವೇ ಬೇಕೆಂದು ಯಾರು ಹೇಳಿದರು? ಡಬ್ಲಿನ್ನಿನ ಟ್ರಿನಿಟಿ ಕಾಲೇಜಿನಲ್ಲಿರುವ, ಸುಮಾರು ಕ್ರಿ.ಶ. 800ರ ಬುಕ್ ಆಫ್ ಕೆಲ್ಸ್ ಎಂಬ ಸುವಾರ್ತೆಗಳ ಹಸ್ತಪ್ರತಿಯ ಅತಿ ಪ್ರಸಿದ್ಧ ಪುಟದಲ್ಲಿ, ಕ್ರಿಸ್ತನ ಹೆಸರಿನ ಮೊದಲ ಗ್ರೀಕ್ ಅಕ್ಷರದ ಒಂದು ಕಾಲು ಪುಟದ ಎಡಕ್ಕೆ ಉದ್ದಾನುದ್ದ ಬೀಸಿಕೊಂಡು ಇಳಿದಿದೆ. ನೀವೂ ‘ಶ್ರೀ’ಯ ಒತ್ತನ್ನು ಅಂಚಿನ ಖಾಲಿ ಜಾಗಕ್ಕೆ ಹಾಗೆಯೇ ಇಳಿಯಬಿಡಿ. ನಿಮಗೆ ತೊಡಕೆನಿಸಿದ ಒತ್ತು, ದೀರ್ಘಗಳೇ ನಮ್ಮ ಲಿಪಿಯ ಅಲಂಕಾರ. ಲ್ಯಾಟಿನ್ನಿನಂತೆ ದೊಡ್ಡಕ್ಷರ, ಸಣ್ಣಕ್ಷರಗಳ ಭೇದ ನಮಗಿಲ್ಲದಿರುವುದರಿಂದ ಮೊದಲಕ್ಷರದ ಗತ್ತು ಅವುಗಳಿಂದಲೇ ಬರಬೇಕು.

ಆ ದೊಡ್ಡ ಅಕ್ಷರವನ್ನು ನಿಬ್ಬಿನ ಒಂದೇ ಎಳೆತದಲ್ಲಿ ಮೂಡಿಸಲು ಹೋಗಬೇಡಿ. ಸಾಮಾನ್ಯವಾಗಿ ಲಿಪಿಕಾರನು ಮೊದಲು ಪಠ್ಯವನ್ನು ಬರೆದು, ಜಾಗ ಬಿಟ್ಟು, ಅಲ್ಲಿ ಯಾವ ಅಕ್ಷರ ಬರಬೇಕೆಂದು ಚಿಕ್ಕದಾಗಿ ಗುರುತು ಹಾಕುತ್ತಿದ್ದನು. ಚಿತ್ರಕಾರನು ಆಮೇಲೆ ಹೊರರೇಖೆ ಎಳೆದು ಬಣ್ಣ ತುಂಬುತ್ತಿದ್ದನು. ಸುತ್ತಣ ಬಳ್ಳಿಗೆ 15ನೇ ಶತಮಾನದ ಇಟಲಿಯ ಬಿಳಿಬಳ್ಳಿ ಶೈಲಿಯನ್ನು ನೋಡಿ. ಅದರಲ್ಲಿ ಬಳ್ಳಿಗೆ ಬಣ್ಣವಿಲ್ಲ, ಹಿನ್ನೆಲೆಗೆ ಮಾತ್ರ ನೀಲಿ, ಕೆಂಪು, ಹಸಿರು. ಆ ಬಳ್ಳಿಯ ಬದಲು ನಮ್ಮ ತೋಟದ ಕಾಳುಮೆಣಸಿನ ಬಳ್ಳಿಯೇ ಹಬ್ಬಲಿ. ಬುಕ್ ಆಫ್ ಕೆಲ್ಸ್‌ನಲ್ಲಿರುವಂಥ, ಎಳೆಗಳು ಹೆಣೆದುಕೊಂಡ ಐರಿಷ್ ಗಂಟುಗಳನ್ನು ಮಾತ್ರ ‘ಶ್ರೀ’ಯೊಳಗೆ ತುರುಕಬೇಡಿ, ಓದಲಾಗುವುದಿಲ್ಲ.

ಉತ್ತರ 3 (ಕುಶಾಲನಗರ)

ಚಿನ್ನದ ರೇಕು ಹಚ್ಚುವ ಯೋಚನೆಯಿದ್ದರೆ ಬಣ್ಣಕ್ಕಿಂತ ಮೊದಲು ಹಚ್ಚಿ. ಇಲ್ಲವಾದರೆ ಬಣ್ಣದಲ್ಲಿರುವ ಅಂಟಿಗೂ ಅದು ಹತ್ತಿಕೊಳ್ಳುತ್ತದೆ. ಆದರೆ ಈಗ ಬೇಡ. ರೇಕಿನ ಕೆಳಗೆ ಹಚ್ಚುವ ಜೆಸ್ಸೊ ಎಂಬ ದಪ್ಪ ಲೇಪ ಅಂಟಾಗಲೆಂದು ಅದರ ಮೇಲೆ ಬಾಯಿಂದ ಹಬೆ ಊದುವುದು ಕ್ರಮ. ಕೊಡಗಿನ ಜುಲೈನಲ್ಲಿ ಊದುವ ಮೊದಲೇ ಅದು ಅಂಟಾಗಿರುತ್ತದೆ, ಉಜ್ಜಿ ಹೊಳಪು ಕೊಡಹೋದರೆ ತಗ್ಗು ಬೀಳುತ್ತದೆ. ನವೆಂಬರಿನವರೆಗೆ ಕಾಯಿರಿ.

ಪ್ರಶ್ನೆ ಕೇಳಿದವರು

ಎಲ್ಲರಿಗೂ ಕೃತಜ್ಞತೆಗಳು. ಎರಡು ದಿನ ಬೀರುವಿನಲ್ಲಿಟ್ಟ ಹಾಳೆಯ ಮೇಲೆ ಗೆರೆಯ ಅಂಚು ನಿಂತಿದೆ, ಒತ್ತನ್ನು ಅಂಚಿಗೆ ಇಳಿಸಿದ್ದೇನೆ. ಬಳ್ಳಿಯನ್ನು ನೋಡಿದ ಅಜ್ಜಿ ಇದು ವೀಳ್ಯದೆಲೆಯೆಂದು ಹಟ ಹಿಡಿದಿದ್ದರು. ಕಾಳಿನ ಗೊಂಚಲುಗಳನ್ನು ತೂಗಬಿಟ್ಟ ಮೇಲೆ ಒಪ್ಪಿಕೊಂಡರು.