ಕ್ಯೂಆರ್ ಕೋಡ್ ಕಿತ್ತುಹಾಕಬೇಕೇ, ಜಿಎಸ್‌ಟಿ ನೋಂದಣಿ ಮಾಡಿಸಬೇಕೇ? ಸಣ್ಣ ಅಂಗಡಿಯವರ ಅನುಭವ ಹಂಚಿಕೆ

ಪ್ರಶ್ನೆ: ಹಾಸನದಿಂದ

ಎಲ್ಲರಿಗೂ ನಮಸ್ಕಾರ. ತಂದೆಯವರು ಇಪ್ಪತ್ತೆರಡು ವರ್ಷ ನಡೆಸಿದ ಕಾಂಡಿಮೆಂಟ್ಸ್ ಅಂಗಡಿಯನ್ನು ಈಗ ನಾನು ಮತ್ತು ನನ್ನ ತಾಯಿ ನೋಡಿಕೊಳ್ಳುತ್ತಿದ್ದೇವೆ. ಹಾಲು, ಮೊಸರು, ಬ್ರೆಡ್ಡು, ಬಿಸ್ಕತ್ತು, ತಂಪು ಪಾನೀಯ, ಸಿಗರೇಟು ಮಾರುತ್ತೇವೆ. ಕಳೆದ ಹಣಕಾಸು ವರ್ಷದಲ್ಲಿ ನನ್ನ ಉಳಿತಾಯ ಖಾತೆಗೆ ಯುಪಿಐ ಮೂಲಕ ಸುಮಾರು 46 ಲಕ್ಷ ರೂಪಾಯಿ ಬಂದಿದೆ. ಚೀಟಿ ಎತ್ತಿದ ಹಣ, ಭಾವನವರು ಕೊಟ್ಟ ಕೈಸಾಲ, ತಂಗಿ ತಿಂಗಳಿಗೊಮ್ಮೆ ಕಳುಹಿಸುವ ಹಣ ಎಲ್ಲವೂ ಅದರೊಳಗೇ ಇವೆ. ಯುಪಿಐ ಹಣದ ಲೆಕ್ಕ ಹಿಡಿದು ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ಅಂಗಡಿಯವರಿಗೆ ಕಳುಹಿಸಿದ ಜಿಎಸ್‌ಟಿ ನೋಟಿಸು ನಮಗೆ ಇದುವರೆಗೆ ಬಂದಿಲ್ಲ. ಪಕ್ಕದ ಅಂಗಡಿಯವರು ಮಾತ್ರ ಕ್ಯೂಆರ್ ಕೋಡ್ ಕಿತ್ತು ‘ನಗದು ಮಾತ್ರ’ ಎಂಬ ಚೀಟಿ ಅಂಟಿಸಿಕೊಂಡಿದ್ದಾರೆ, ನಮಗೂ ಹಾಗೆಯೇ ಮಾಡಲು ಹೇಳುತ್ತಿದ್ದಾರೆ. ಈ ದಾರಿಯಲ್ಲಿ ಈಗಾಗಲೇ ನಡೆದವರು ತಮಗಾದದ್ದನ್ನು ಹಂಚಿಕೊಂಡರೆ ಉಪಕಾರವಾಗುತ್ತದೆ.

ಉತ್ತರ: ಕಾಂಡಿಮೆಂಟ್ಸ್ ವ್ಯಾಪಾರಿ, ಬೆಂಗಳೂರಿನ ವಿಜಯನಗರ

2025ರ ಜುಲೈಯಲ್ಲಿ ನೋಟಿಸು ಬಂದವರಲ್ಲಿ ನಾನೂ ಒಬ್ಬ. ಆದುದರಿಂದ ಸ್ವಲ್ಪ ವಿವರವಾಗಿಯೇ ಬರೆಯುತ್ತೇನೆ. ಒಂದು ವರ್ಷದಲ್ಲಿ ಯುಪಿಐ ಮೂಲಕ ನನ್ನ ಖಾತೆಗೆ ಬಂದ ಒಟ್ಟು 53 ಲಕ್ಷ ರೂಪಾಯಿಯನ್ನೂ ತೆರಿಗೆಗೆ ಒಳಪಡುವ ಮಾರಾಟವೆಂದು ಹಿಡಿದು, ಅದರ ಮೇಲೆ ಶೇ. 18ರಂತೆ ಲೆಕ್ಕ ಹಾಕಿದ್ದರು. ತೆರಿಗೆಯೊಂದೇ 9.54 ಲಕ್ಷ, ಬಡ್ಡಿ ಮತ್ತು ದಂಡ ಬೇರೆ. ಅಂಗಡಿಯಲ್ಲಿದ್ದ ಸರಕನ್ನೆಲ್ಲ ಮಾರಿದರೂ ಅಷ್ಟು ಹಣ ಹುಟ್ಟುತ್ತಿರಲಿಲ್ಲ. ಎರಡು ರಾತ್ರಿ ನಿದ್ರೆ ಬರಲಿಲ್ಲ. ಮೂರನೆಯ ದಿನ ಬ್ಯಾಂಕಿಗೆ ಹೋಗಿ ವರ್ಷದ ಸ್ಟೇಟ್‌ಮೆಂಟ್ ತೆಗೆಸಿ, ಮಗಳ ಶಾಲೆಯ ನೋಟ್‌ಪುಸ್ತಕವೊಂದರಲ್ಲಿ ಗೆರೆ ಎಳೆದುಕೊಂಡು ಒಂದೊಂದೇ ಸಾಲನ್ನು ಬೇರ್ಪಡಿಸುತ್ತ ಕುಳಿತೆ.

ಸ್ನೇಹಿತರಿಂದ ಪಡೆದು ಹಿಂತಿರುಗಿಸಿದ ಸಾಲ, ಊರಿನ ಜಮೀನಿನ ಗುತ್ತಿಗೆ ಹಣ, ಹೆಂಡತಿ ನನ್ನ ಖಾತೆಗೆ ಹಾಕಿದ ಹಣ ಇವನ್ನೆಲ್ಲ ತೆಗೆದಾಗ 6 ಲಕ್ಷ ಕಡಿಮೆಯಾಗಿ 47 ಲಕ್ಷ ಉಳಿಯಿತು. ಹಾಲಿನ ಇಂಡೆಂಟ್ ಚೀಟಿಗಳನ್ನು (ಎಷ್ಟು ಹಾಲು ಬೇಕೆಂದು ಡೀಲರಿಗೆ ಕೊಡುವ ಬೇಡಿಕೆ ಚೀಟಿ) ಎಂದೂ ಎಸೆಯದ ಅಭ್ಯಾಸ ನನ್ನ ಪುಣ್ಯಕ್ಕೆ ಇತ್ತು. ಅವುಗಳ ಪ್ರಕಾರ 22 ಲಕ್ಷ ರೂಪಾಯಿ ಬರಿಯ ಹಾಲಿನದು, ಹಾಲಿಗೆ ತೆರಿಗೆಯೇ ಇಲ್ಲ. ಹೀಗೆ ಯುಪಿಐಯಲ್ಲಿ ಬಂದ ತೆರಿಗೆಯ ವಸ್ತುಗಳ ಮಾರಾಟ 25 ಲಕ್ಷಕ್ಕೆ ಇಳಿಯಿತು. ನಾನು ಮೊದಲೇ ನೋಂದಣಿ ಮಾಡಿಸಿ ಕಾಂಪೋಸಿಷನ್ ಪದ್ಧತಿಯಲ್ಲಿ (ಸಣ್ಣ ವ್ಯಾಪಾರಿಗಳು ಮಾರಾಟದ ಮೇಲೆ ಕಡಿಮೆ ದರದಲ್ಲಿ ತೆರಿಗೆ ಕಟ್ಟುವ ವಿಧಾನ) ಇದ್ದಿದ್ದರೆ ಇದರ ಶೇ. 1, ಅಂದರೆ ವರ್ಷಕ್ಕೆ 25 ಸಾವಿರ ಕಟ್ಟಿದರೆ ಸಾಕಿತ್ತು. ಒಂಬತ್ತೂವರೆ ಲಕ್ಷ ಎಲ್ಲಿ, 25 ಸಾವಿರ ಎಲ್ಲಿ!

ಸ್ಟೇಟ್‌ಮೆಂಟ್, ಇಂಡೆಂಟ್ ಚೀಟಿಗಳು ಮತ್ತು ಒಂದು ಪುಟದ ವಿವರಣೆಯನ್ನು ಗಡುವಿನೊಳಗೆ ಸಲ್ಲಿಸಿದೆ. ಅಷ್ಟರಲ್ಲಿ ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯನವರು ವ್ಯಾಪಾರಿ ಸಂಘಗಳೊಂದಿಗೆ ಸಭೆ ನಡೆಸಿ, ಸಣ್ಣ ವ್ಯಾಪಾರಿಗಳಿಂದ ಹಳೆಯ ಬಾಕಿಯನ್ನು ವಸೂಲಿ ಮಾಡುವುದಿಲ್ಲ, ಆದರೆ ನೋಂದಣಿಗೆ ಅರ್ಹರಾದವರು ನೋಂದಣಿ ಮಾಡಿಸಿಕೊಳ್ಳಲೇಬೇಕು ಎಂದು ಪ್ರಕಟಿಸಿದರು. ನೋಟಿಸು ವಿರೋಧಿಸಿ ವ್ಯಾಪಾರಿಗಳು 25ಕ್ಕೆ ಕರೆ ಕೊಟ್ಟಿದ್ದ ಬಂದ್ ಅಲ್ಲಿಗೆ ನಿಂತಿತು. ನಾನು ಆಗಸ್ಟ್‌ನಲ್ಲಿ ಕಾಂಪೋಸಿಷನ್ ಅಡಿಯಲ್ಲಿ ನೋಂದಣಿ ಮಾಡಿಸಿದೆ. ಈಗ ಮೂರು ತಿಂಗಳಿಗೊಮ್ಮೆ ಆರೇಳು ಸಾವಿರ ಕಟ್ಟುತ್ತೇನೆ.

ನೋಂದಣಿಯಲ್ಲಿ ನನ್ನನ್ನು ಸತಾಯಿಸಿದ್ದು ತೆರಿಗೆಯಲ್ಲ, ಕರೆಂಟ್ ಬಿಲ್ಲು. ಮಳಿಗೆಯ ಬೆಸ್ಕಾಂ ಬಿಲ್ಲು ಮಾಲೀಕರ ದಿವಂಗತ ತಂದೆಯವರ ಹೆಸರಿನಲ್ಲಿಯೇ ಇತ್ತು. ಮಾಲೀಕರಿಂದ ಒಪ್ಪಿಗೆ ಪತ್ರ, ಬಾಡಿಗೆ ಕರಾರು ಎಲ್ಲ ಹೊಂದಿಸುವುದಕ್ಕೆ ಹದಿನೈದು ದಿನ ಹಿಡಿಯಿತು. ನಿಮ್ಮ ಅಂಗಡಿಯ ಕಾಗದಗಳು ಯಾರ ಹೆಸರಿನಲ್ಲಿವೆ ಎಂಬುದನ್ನು ಇಂದೇ ನೋಡಿಕೊಳ್ಳಿ.

ಉತ್ತರ: ತೆರಿಗೆ ಸಲಹೆಗಾರ, ಮೈಸೂರು

ಮೇಲಿನವರು ಹೇಳಿದ ಲೆಕ್ಕ ಸರಿಯಾಗಿದೆ. ಆದರೆ ಅದರಲ್ಲಿ ಒಂದು ಸೂಕ್ಷ್ಮವಿದೆ, ನನ್ನ ಕಕ್ಷಿದಾರರಲ್ಲಿ ಹೆಚ್ಚಿನವರು ಎಡವಿದ್ದು ಅಲ್ಲಿಯೇ. ನೋಂದಣಿ ಬೇಕೇ ಬೇಡವೇ ಎಂದು ತೀರ್ಮಾನಿಸುವಾಗ ಲೆಕ್ಕಕ್ಕೆ ಬರುವುದು ‘ಒಟ್ಟು ವಹಿವಾಟು’. ತೆರಿಗೆ ವಿನಾಯಿತಿ ಇರುವ ಹಾಲು, ಬ್ರೆಡ್ಡುಗಳ ಮಾರಾಟವೂ ಅದರಲ್ಲಿ ಸೇರುತ್ತದೆ, ಗಲ್ಲಾಪೆಟ್ಟಿಗೆಗೆ ಬಿದ್ದ ನಗದೂ ಸೇರುತ್ತದೆ. ತೆರಿಗೆ ಎಷ್ಟು ಎಂದು ಲೆಕ್ಕ ಹಾಕುವಾಗ ಮಾತ್ರ ವಿನಾಯಿತಿಯ ಸರಕು ಹೊರಗುಳಿಯುತ್ತದೆ. ‘ನನ್ನದು ಮುಕ್ಕಾಲು ಪಾಲು ಹಾಲಿನ ವ್ಯಾಪಾರ, ನನಗೆ ಇದು ಅನ್ವಯಿಸುವುದಿಲ್ಲ’ ಎಂದುಕೊಂಡವರು ಸಿಕ್ಕಿಬಿದ್ದದ್ದು ಹೀಗೆ. ವಿನಾಯಿತಿಯ ಸರಕನ್ನು ಮಾತ್ರವೇ ಮಾರುವವರಿಗೆ ವಹಿವಾಟು ಎಷ್ಟಿದ್ದರೂ ನೋಂದಣಿ ಬೇಡ, ನಿಜ. ಆದರೆ ಪಕ್ಕದಲ್ಲಿ ಒಂದು ಬಿಸ್ಕತ್ತಿನ ಡಬ್ಬಿ ಇಟ್ಟರೂ ಆ ರಕ್ಷಣೆ ಹೋಯಿತು. ಹಾಲು ಮತ್ತು ಮೊಸರನ್ನು ಒಂದೇ ತಕ್ಕಡಿಯಲ್ಲಿ ತೂಗಬೇಡಿ: ಲೇಬಲ್ ಹಚ್ಚಿದ ಮೊಸರಿನ ಪೊಟ್ಟಣಕ್ಕೆ 2022ರ ಜುಲೈ 18ರಿಂದ ಶೇ. 5 ತೆರಿಗೆ ಇದೆ.

ಪ್ರಶ್ನೆ ಕೇಳಿದವರು ಪಟ್ಟಿಯ ಕೊನೆಯಲ್ಲಿ ಸಿಗರೇಟು ಎಂದು ಬರೆದಿದ್ದಾರೆ. ನಾನು ಮೊದಲು ಓದಿದ್ದು ಅದನ್ನೇ. ವರ್ಷದ ವಹಿವಾಟು 40 ಲಕ್ಷ ಮೀರಿದರೆ ಮಾತ್ರ ನೋಂದಣಿ ಕಡ್ಡಾಯ ಎಂಬ ಮಿತಿ 2019ರ ಏಪ್ರಿಲ್ 1ರಿಂದ ಬಂದದ್ದು, ಅದು ಸರಕನ್ನು ಮಾತ್ರ ಮಾರುವವರಿಗೆ. ತಂಬಾಕು, ಪಾನ್ ಮಸಾಲ ಮತ್ತು ಐಸ್‌ಕ್ರೀಂ ಮಾರುವವರನ್ನು ಆ ರಿಯಾಯಿತಿಯಿಂದ ಹೊರಗಿಟ್ಟಿದ್ದಾರೆ, ಅವರಿಗೆ ಮಿತಿ 20 ಲಕ್ಷವೇ. ಅಂಗಡಿಯ ಮೂಲೆಯಲ್ಲಿ ಜೆರಾಕ್ಸ್ ಯಂತ್ರವಿದ್ದರೆ ಅಥವಾ ನಿಂತು ಕುಡಿಯಲು ಚಹಾ ಕೊಡುತ್ತಿದ್ದರೆ ಅದು ಸೇವೆಯಾಗುವುದರಿಂದ ಅಲ್ಲಿಯೂ 20 ಲಕ್ಷ. ಹಾಗಾಗಿ ಚೀಟಿ ಹಣವನ್ನೂ ಕೈಸಾಲವನ್ನೂ ಕಳೆದು ನೀವು 40 ಲಕ್ಷದ ಒಳಗೆ ಬಂದರೂ ನಿಮಗೆ ನೋಂದಣಿ ತಪ್ಪುವುದಿಲ್ಲ. ಬೇಸರವಾಗಬಹುದು, ಆದರೆ ಈಗಲೇ ತಿಳಿಯುವುದು ಒಳ್ಳೆಯದು. ಕಾಂಪೋಸಿಷನ್ ಪದ್ಧತಿಗೆ ಸಿಗರೇಟಿನ ಚಿಲ್ಲರೆ ಮಾರಾಟ ಅಡ್ಡಿಯಲ್ಲ. ತಂಬಾಕು ಉತ್ಪನ್ನ ತಯಾರಿಸುವವರಿಗೆ ಮಾತ್ರ ಅಲ್ಲಿ ಬಾಗಿಲು ಮುಚ್ಚಿದೆ. ವಾರ್ಷಿಕ ವಹಿವಾಟು 1.5 ಕೋಟಿಯವರೆಗೆ ಇರುವ ವ್ಯಾಪಾರಿಗಳು ಅದನ್ನು ಆಯ್ದುಕೊಳ್ಳಬಹುದು. ಆದರೆ ಗ್ರಾಹಕರಿಂದ ತೆರಿಗೆಯನ್ನು ಪ್ರತ್ಯೇಕವಾಗಿ ವಸೂಲು ಮಾಡುವಂತಿಲ್ಲ, ಖರೀದಿಯ ಮೇಲೆ ಕೊಟ್ಟ ತೆರಿಗೆಯನ್ನು ಹಿಂಪಡೆಯುವಂತಿಲ್ಲ, ಹೊರರಾಜ್ಯಕ್ಕೆ ಸರಕು ಮಾರುವಂತಿಲ್ಲ.

ಕಾನೂನು ತಂತ್ರಜ್ಞಾನಕ್ಕೆ ಹೊಂದಿಕೊಳ್ಳುತ್ತಿದೆ ಎಂದು ಎಲ್ಲರೂ ಹೇಳುತ್ತಾರೆ. ನನ್ನ ಮೂವತ್ತು ವರ್ಷದ ವೃತ್ತಿಯಲ್ಲಿ ಕಂಡದ್ದು ಸ್ವಲ್ಪ ಬೇರೆ. ಕರ್ನಾಟಕದಲ್ಲಿ ಜಿಎಸ್‌ಟಿಗಿಂತ ಹಿಂದಿನ ವ್ಯಾಟ್ ಕಾಲದಲ್ಲಿಯೇ ಸರಕು ಸಾಗಣೆಗೆ ಇ-ಸುಗಮ ಎಂಬ ಆನ್‌ಲೈನ್ ಚೀಟಿ ಇತ್ತು, ಆಮೇಲೆ ದೇಶಕ್ಕೆಲ್ಲ ಅಂಥದೇ ಇ-ವೇ ಬಿಲ್ ಬಂತು. ಇ-ಇನ್‌ವಾಯ್ಸ್ ಅನ್ನು (ಸರ್ಕಾರದ ಪೋರ್ಟಲ್‌ನಲ್ಲಿ ದಾಖಲಾಗುವ ಬಿಲ್ಲು) 2020ರ ಅಕ್ಟೋಬರ್‌ನಲ್ಲಿ ವಹಿವಾಟು 500 ಕೋಟಿ ಮೀರಿದ ಸಂಸ್ಥೆಗಳಿಂದ ಆರಂಭಿಸಿ, ಹಂತಹಂತವಾಗಿ ಇಳಿಸುತ್ತ 2023ರ ಆಗಸ್ಟ್ ಹೊತ್ತಿಗೆ 5 ಕೋಟಿಗೆ ತಂದರು. ದೊಡ್ಡವರಿಗೆ ಹೀಗೆ ಮೆಟ್ಟಿಲು ಕಟ್ಟಿಕೊಟ್ಟ ವ್ಯವಸ್ಥೆ ಬೀದಿ ಬದಿಯ ಅಂಗಡಿಯವರಿಗೆ ಮೆಟ್ಟಿಲನ್ನೇ ಇಡಲಿಲ್ಲ. 2016ರಲ್ಲಿ ಬಂದ ಯುಪಿಐ ಕೆಲವೇ ವರ್ಷಗಳಲ್ಲಿ ಅವರ ಗಲ್ಲಾಪೆಟ್ಟಿಗೆಯನ್ನು ಗಾಜಿನದಾಗಿಸಿತು. ನಿಯಮ ಹಳೆಯದೇ, ನೋಡುವ ಕಣ್ಣು ಹೊಸದು. ಇಲಾಖೆಯ ತಿಳಿವಳಿಕೆ ಶಿಬಿರಗಳು ನೋಟಿಸಿಗಿಂತ ಮೊದಲು ನಡೆದಿದ್ದರೆ ಜುಲೈಯ ಗದ್ದಲದ ಅರ್ಧ ಭಾಗ ಆಗುತ್ತಿರಲಿಲ್ಲ ಎಂಬುದು ನನ್ನ ಅಭಿಪ್ರಾಯ. ನೋಂದಣಿಯಲ್ಲಿ ಮಾತ್ರ ಒಂದು ಒಳ್ಳೆಯ ಬದಲಾವಣೆಯಾಗಿದೆ: 2025ರ ನವೆಂಬರ್ 1ರಿಂದ, ಅಪಾಯದ ಸೂಚನೆಗಳಿಲ್ಲವೆಂದು ಗಣಕ ವ್ಯವಸ್ಥೆ ಗುರುತಿಸಿದ ಅರ್ಜಿದಾರರಿಗೆ ಮೂರು ಕೆಲಸದ ದಿನಗಳಲ್ಲಿ ನೋಂದಣಿ ಸಿಗುವ ಸರಳ ವಿಧಾನ ಜಾರಿಗೆ ಬಂದಿದೆ.

ಉತ್ತರ: ತರಕಾರಿ ಮಂಡಿ ವ್ಯಾಪಾರಿ, ರಾಣೆಬೆನ್ನೂರು

ನಮ್ಮ ಜಿಲ್ಲೆಯ ಹಾವೇರಿಯಲ್ಲಿಯೇ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷದ 1.63 ಕೋಟಿ ವಹಿವಾಟಿಗೆ 29 ಲಕ್ಷದ ನೋಟಿಸು ಬಂದ ಸುದ್ದಿ ಪತ್ರಿಕೆಗಳಲ್ಲೆಲ್ಲ ಬಂದಿತ್ತು. ಆ ವಾರ ನಮ್ಮ ಮಂಡಿಯಲ್ಲಿ ಯಾರೂ ಫೋನಿನಲ್ಲಿ ಹಣ ತೆಗೆದುಕೊಳ್ಳಲಿಲ್ಲ. ತಾಜಾ ತರಕಾರಿಗೆ ತೆರಿಗೆ ಇಲ್ಲ, ಅದೊಂದನ್ನೇ ಮಾರುವವರಿಗೆ ನೋಂದಣಿಯೂ ಬೇಡ. ಆದರೆ ಹಾಗೆ ತೋರಿಸಲು ನಮ್ಮ ಬಳಿ ಏನಿದೆ? ಅಂದಿನಿಂದ ರೈತರಿಗೆ ಕೊಡುವ ಪಟ್ಟಿಯ ಕಾರ್ಬನ್ ಪ್ರತಿಯನ್ನು ತಿಂಗಳುವಾರು ದಾರ ಕಟ್ಟಿ ಇಡುತ್ತಿದ್ದೇನೆ. ಹೆಚ್ಚೇನೂ ಹೇಳುವುದಿಲ್ಲ. ಚೀಟಿ ಇಟ್ಟವರಿಗೆ ಉತ್ತರ ಕೊಡುವುದು ಸುಲಭವಾಯಿತು.

ಉತ್ತರ: ಉಪ್ಪಿನಕಾಯಿ ತಯಾರಿಸುವವರು, ಶಿರಸಿ

ನನ್ನದು ಅಂಗಡಿಯಲ್ಲ. ಮನೆಯಲ್ಲಿಯೇ ಅಪ್ಪೆಮಿಡಿ ಉಪ್ಪಿನಕಾಯಿ, ಹಲಸಿನ ಹಪ್ಪಳ ಮಾಡಿ ವಾಟ್ಸ್‌ಆ್ಯಪ್‌ನಲ್ಲಿ ಬೇಡಿಕೆ ಪಡೆದು ಕೊರಿಯರ್ ಮಾಡುತ್ತೇನೆ. ವರ್ಷದ ವಹಿವಾಟು ಆರು ಲಕ್ಷ ದಾಟಿದ್ದಿಲ್ಲ. ಆದುದರಿಂದ ಈ ನೋಟಿಸಿನ ಮಾತೆಲ್ಲ ಬೆಂಗಳೂರಿನವರದು ಎಂದುಕೊಂಡಿದ್ದೆ. ಮುಂಬಯಿಯಲ್ಲಿ ನೆಲೆಸಿದ ನಮ್ಮ ಕಡೆಯವರ ಸಂಘವೊಂದು ದೀಪಾವಳಿಗೆ 80 ಬಾಟಲಿ ಕೇಳಿದಾಗ ಕೊರಿಯರ್ ಕಚೇರಿಯವರು ಜಿಎಸ್‌ಟಿ ಸಂಖ್ಯೆ ಕೇಳಿದರು. ವಿಚಾರಿಸಿದಾಗ ತಿಳಿದದ್ದು ಇಷ್ಟು: ತೆರಿಗೆಗೆ ಒಳಪಡುವ ಸರಕನ್ನು ಬೇರೆ ರಾಜ್ಯಕ್ಕೆ ಮಾರುವುದಾದರೆ 40 ಲಕ್ಷವೂ ಇಲ್ಲ, 20 ಲಕ್ಷವೂ ಇಲ್ಲ, ಮೊದಲ ಬಾಟಲಿಯಿಂದಲೇ ನೋಂದಣಿ ಬೇಕು. ಹಪ್ಪಳಕ್ಕೆ ತೆರಿಗೆ ಇಲ್ಲ, ಉಪ್ಪಿನಕಾಯಿಗೆ ಇದೆ. ಆ ವರ್ಷ ಮುಂಬಯಿಗೆ ಹಪ್ಪಳ ಮಾತ್ರ ಹೋಯಿತು.

ಫೋನಿನಲ್ಲಿ ಕುಳಿತಲ್ಲಿಂದಲೇ ದೇಶಕ್ಕೆಲ್ಲ ಮಾರಬಹುದು ಎಂದು ಎಲ್ಲ ತರಬೇತಿಗಳಲ್ಲಿಯೂ ಹುರಿದುಂಬಿಸುತ್ತಾರೆ, ರಾಜ್ಯದ ಗಡಿ ದಾಟಿದೊಡನೆ ಕಾನೂನು ಬದಲಾಗುತ್ತದೆ ಎಂದು ಯಾರೂ ಹೇಳಿರಲಿಲ್ಲ. 2023ರ ಅಕ್ಟೋಬರ್‌ನಿಂದ ನೋಂದಣಿ ಇಲ್ಲದ ಸಣ್ಣವರು ಕೂಡ ಆನ್‌ಲೈನ್ ಮಾರಾಟ ಜಾಲತಾಣಗಳಲ್ಲಿ ಸರಕು ಮಾರಬಹುದು ಎಂದು ನಿಯಮ ಸಡಿಲಿಸಿದ್ದಾರೆ, ಅದೂ ರಾಜ್ಯದೊಳಗೆ ಮಾತ್ರ. ಪ್ರಶ್ನೆ ಕೇಳಿದವರಿಗೆ ಹೊರಗಿನ ಗಿರಾಕಿಗಳಿದ್ದರೆ ಇದನ್ನು ಗಮನದಲ್ಲಿಡಲಿ.

ಉತ್ತರ: ಬೆಣ್ಣೆದೋಸೆ ಹೋಟೆಲಿನವರು, ದಾವಣಗೆರೆ

ಕ್ಯೂಆರ್ ಕೋಡ್ ತೆಗೆದವನ ಅನುಭವವೂ ಇಲ್ಲಿರಲಿ. ನಾನು ಮೂರು ವಾರ ತೆಗೆದಿದ್ದೆ. ನಮ್ಮ ಗಿರಾಕಿಗಳಲ್ಲಿ ಕಾಲೇಜು ಹುಡುಗರೇ ಹೆಚ್ಚು, ಅವರ ಜೇಬಿನಲ್ಲಿ ಹತ್ತು ರೂಪಾಯಿಯ ನೋಟೂ ಇರುವುದಿಲ್ಲ. ದೋಸೆ ತಿಂದಾದ ಮೇಲೆ ‘ಅಣ್ಣ, ಕ್ಯಾಶ್ ಇಲ್ಲ’ ಎನ್ನುತ್ತಾರೆ. ಬರೆದಿಟ್ಟ ಬಾಕಿಯಲ್ಲಿ ಅರ್ಧ ಇನ್ನೂ ಬಂದಿಲ್ಲ. ಚಿಲ್ಲರೆ ಹೊಂದಿಸುವುದಕ್ಕೆ ಒಬ್ಬ ಹುಡುಗನನ್ನೇ ಓಡಾಡಿಸಬೇಕಾಯಿತು. ನಮ್ಮ ಲೆಕ್ಕ ಬರೆಯುವವರು ಇನ್ನೊಂದು ಮಾತು ಹೇಳಿದರು: ಆದಾಯ ತೆರಿಗೆಯಲ್ಲಿ ಅಂದಾಜು ಲಾಭ ತೋರಿಸುವ ಸಣ್ಣ ವ್ಯಾಪಾರಿಗಳಿಗೆ ಬ್ಯಾಂಕಿನ ಮೂಲಕ ಬಂದ ಹಣದ ಮೇಲೆ ಶೇ. 6, ನಗದಿನ ಮೇಲೆ ಶೇ. 8 ಲಾಭವೆಂದು ಹಿಡಿಯುತ್ತಾರಂತೆ. ಅಂದರೆ ನಾನು ನಗದಿಗೆ ಹೊರಳಿ ಒಂದು ತೆರಿಗೆಯಿಂದ ಅಡಗಿಕೊಳ್ಳಲು ಹೋಗಿ ಇನ್ನೊಂದನ್ನು ಹೆಚ್ಚಿಸಿಕೊಳ್ಳುತ್ತಿದ್ದೆ. ಗೋಧಿಹಿಟ್ಟಿನ ಅಂಟು ಹಚ್ಚಿ ಕ್ಯೂಆರ್ ಹಾಳೆಯನ್ನು ಮತ್ತೆ ಗೋಡೆಗೆ ಅಂಟಿಸಿದೆ. ಹೋಟೆಲಿಗೆ ಕಾಂಪೋಸಿಷನ್ ದರ ಶೇ. 5, ಕಾಂಡಿಮೆಂಟ್ಸ್‌ನಂತೆ ಶೇ. 1 ಅಲ್ಲ. ತಟ್ಟೆಯಲ್ಲಿ ತಿಂಡಿ ಕೊಡಲು ಆರಂಭಿಸುವ ಮುನ್ನ ಯೋಚಿಸಿ.

ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಮನಃಪೂರ್ವಕ ಧನ್ಯವಾದಗಳು. ಸಿಗರೇಟಿನ ವಿಷಯ ಓದಿ ಒಂದು ಕ್ಷಣ ಎದೆ ಧಸಕ್ಕೆಂದಿತು. ತಾಯಿ ಮಾತ್ರ ‘ಆ ದರಿದ್ರ ಡಬ್ಬ ಮೊದಲೇ ತೆಗಿ ಅಂದಿದ್ದೆ’ ಎಂದರು. ಈ ವಾರ ಅಂಗಡಿಯ ಹೆಸರಿನಲ್ಲಿ ಚಾಲ್ತಿ ಖಾತೆ ತೆರೆದು, ಸೌಂಡ್‌ಬಾಕ್ಸನ್ನು ಅದಕ್ಕೆ ಜೋಡಿಸಿದೆ. ಭಾವನವರಿಗೂ ತಂಗಿಗೂ ಹಳೆಯ ಉಳಿತಾಯ ಖಾತೆಗೇ ಹಣ ಹಾಕುವಂತೆ ತಿಳಿಸಿದ್ದೇನೆ. ಕರೆಂಟ್ ಬಿಲ್ಲು ಇನ್ನೂ ತಂದೆಯವರ ಹೆಸರಿನಲ್ಲಿದೆ, ನಾಳೆ ಅದನ್ನು ಹಿಡಿದುಕೊಂಡು ಚೆಸ್ಕಾಂ ಕಚೇರಿಗೆ ಹೋಗುತ್ತೇನೆ. ಹಾಲಿನ ಇಂಡೆಂಟ್ ಚೀಟಿಗಳು ಆರು ತಿಂಗಳಿನವು ಮಾತ್ರ ಸಿಕ್ಕಿವೆ. ಉಳಿದವುಗಳ ನಕಲನ್ನು ಡೀಲರ್ ಕಡೆಯಿಂದ ಪಡೆದವರು ಯಾರಾದರೂ ಇದ್ದರೆ, ಹೇಗೆ ಕೇಳಿದಿರಿ ಎಂದು ದಯವಿಟ್ಟು ಬರೆಯಿರಿ.