ಸೆವೆಲಿಯಾ ಲೋಚ್‌ಗಳ ಹೊಟ್ಟೆ ಒಳಕ್ಕೆ ಹೋಗುತ್ತಿದೆ, ಟ್ಯಾಂಕ್‌ನಲ್ಲಿ ಪಾಚಿ ಇದ್ದರೂ ತಿನ್ನುತ್ತಿಲ್ಲ

ಹೊಳೆಬದಿ:
90 ಸೆಂ.ಮೀ. ಉದ್ದದ, 120 ಲೀಟರ್ ಟ್ಯಾಂಕ್. ಶುರುವಾಗಿ ಎರಡು ತಿಂಗಳು. ಗಂಟೆಗೆ 600 ಲೀಟರ್‌ನ ಹ್ಯಾಂಗ್‌ಆನ್ ಫಿಲ್ಟರ್, ನೀರು 28 ಡಿಗ್ರಿ. ಅಮೋನಿಯಾ, ನೈಟ್ರೈಟ್ ಎರಡೂ ಸೊನ್ನೆ, ನೈಟ್ರೇಟ್ 20. ಕಲ್ಲು, ಗಾಜಿಗೆ ಅಂಟಿಕೊಳ್ಳುವ ಲೋಚ್ ಮೀನು ಸೆವೆಲಿಯಾ ಲಿನಿಯೊಲಾಟಾ ಮೂರು ಇವೆ. ಗಾಜಿಗೆ ಅಂಟಿಕೊಂಡಾಗ ನೋಡಿದರೆ ಹೊಟ್ಟೆ ಒಳಸರಿದಿದೆ, ಉಸಿರಾಟ ಜೋರು. ಎಲೆಗಳ ಅಂಚಿನಲ್ಲಿ ಕಪ್ಪು ಕುಚ್ಚಿನಂಥ ಪಾಚಿ ಬೇಕಾದಷ್ಟಿದೆ, ಮೂಸಿಯೂ ನೋಡುವುದಿಲ್ಲ. ವೇಫರ್ (ತಳಕ್ಕಿಳಿಯುವ ಬಿಲ್ಲೆ ಆಹಾರ) ಹಾಕಿದರೆ ಜೊತೆಗಿರುವ ಬಾರ್ಬ್ ಮೀನುಗಳು ಮುಗಿಸುತ್ತವೆ. ಏನು ಮಾಡಬೇಕು?

ಕಲ್ಲುಸಂದಿ:
ಮೊದಲು ಉಸಿರು, ಆಮೇಲೆ ಊಟ. ಇದು ವಿಯೆಟ್ನಾಂನ ರಭಸದ ಹೊಳೆಗಳ ಮೀನು. 20 ಡಿಗ್ರಿಯಲ್ಲಿ ಒಂದು ಲೀಟರ್ ನೀರು ಸುಮಾರು 9 ಮಿ.ಗ್ರಾಂ. ಆಮ್ಲಜನಕ ಹಿಡಿದಿಟ್ಟುಕೊಳ್ಳಬಲ್ಲದು, 28ರಲ್ಲಿ 8ಕ್ಕಿಂತ ಕಡಿಮೆ. ಅದೇ ಹೊತ್ತಿಗೆ ಮೀನಿನ ಬೇಡಿಕೆ ಏರುತ್ತದೆ. ಜೋರು ಉಸಿರಾಟಕ್ಕೆ ಮೊದಲ ಅನುಮಾನ ಇದೇ.

ಹರಿವು ಗಂಟೆಗೆ ಟ್ಯಾಂಕ್‌ನ 10ರಿಂದ 15 ಪಟ್ಟು ಬೇಕು, ಅಂದರೆ ನಿಮ್ಮಲ್ಲಿ 1200ರಿಂದ 1800 ಲೀಟರ್. ಒಂದು ಪವರ್‌ಹೆಡ್ (ನೀರಿನೊಳಗಿಟ್ಟು ಹರಿವು ಹುಟ್ಟಿಸುವ ಪುಟ್ಟ ಪಂಪ್) ಅನ್ನು ಒಂದು ತುದಿಯಲ್ಲಿ, ನೀರಿನ ಮೇಲ್ಮೈ ಕಲಕುವ ಹಾಗೆ ಉದ್ದಕ್ಕೂ ತಿರುಗಿಸಿ ಇಡಿ. ಒಳಹರಿವಿನ ಬಾಯಿಗೆ ಒರಟು ಸ್ಪಂಜ್ ತೊಡಿಸಲೇಬೇಕು. ವಾರಕ್ಕೊಮ್ಮೆ ಅದನ್ನು ಹಿಂಡದಿದ್ದರೆ ಹರಿವು ಕುಸಿಯುತ್ತದೆ. ದೊಡ್ಡ ಕಲ್ಲುಗಳ ಹಿಂದೆ ನೀರು ನಿಧಾನವಾಗುವ ಜಾಗವೂ ಇರಲಿ, ದಿನವಿಡೀ ರಭಸದಲ್ಲೇ ಇರುವ ಮೀನಲ್ಲ ಇದು.

ಶಾಖ 20ರಿಂದ 24 ಡಿಗ್ರಿಗೆ ಬರಬೇಕು. ಮೇಲ್ಮೈಗೆ ಸಣ್ಣ ಫ್ಯಾನ್ ಗಾಳಿ ಬೀಸಿದರೆ ಆವಿಯಾಗಿ 2–3 ಡಿಗ್ರಿ ಇಳಿಯುತ್ತದೆ. ಆವಿಯಾದಷ್ಟನ್ನು ಆರ್‌ಒ ನೀರಿನಿಂದ ತುಂಬಿ, ಇಲ್ಲದಿದ್ದರೆ ಗಡಸುತನ ಏರುತ್ತಾ ಹೋಗುತ್ತದೆ. ಫ್ಯಾನ್‌ಗಾಗಿ ಮುಚ್ಚಳ ತೆಗೆದರೆ ಸಣ್ಣ ಕಣ್ಣಿನ ಬಲೆ ಬಿಗಿಯಿರಿ: ಒದ್ದೆ ಗಾಜು ಹತ್ತಿ ಹೊರಬೀಳುತ್ತವೆ.

ಹಸಿರುಪದರ:
ಕಪ್ಪು ಕುಚ್ಚನ್ನು ಅವು ತಿನ್ನುವುದಿಲ್ಲ. ಕಲ್ಲಿನ ಮೇಲಿನ ಕಂದು ಡಯಾಟಮ್ (ಸೂಕ್ಷ್ಮ ಪಾಚಿ), ಮೆತ್ತನೆಯ ಹಸಿರು ಪದರ, ಅದರೊಳಗಿನ ಸೂಕ್ಷ್ಮಜೀವಿಗಳೇ ಅವುಗಳ ಆಹಾರ. ಎರಡು ತಿಂಗಳ ಟ್ಯಾಂಕ್‌ನಲ್ಲಿ ಆ ಪದರ ಇನ್ನೂ ತೆಳು. ಹಿಂದಿನ, ಪಕ್ಕದ ಗಾಜುಗಳನ್ನು ಉಜ್ಜುವುದು ನಿಲ್ಲಿಸಿ. ಅಂಗೈಯಗಲದ ನುಣುಪು ಕಲ್ಲುಗಳನ್ನು ಟ್ಯಾಂಕ್ ನೀರು ತುಂಬಿದ ಬಕೆಟ್‌ನಲ್ಲಿ ಬಿಸಿಲಿಗಿಡಿ. ಹಸಿರಾದವನ್ನು ಒಳಗೆ, ಬೋಳಾದವನ್ನು ಹೊರಗೆ. ಸೊಳ್ಳೆ ಮೊಟ್ಟೆಯಿಡದಂತೆ ಬಕೆಟ್‌ಗೂ ಬಲೆ ಬೇಕು.

ಅಲ್ಲಿಯವರೆಗೆ: 100 ಮಿ.ಲೀ. ನೀರಿನಲ್ಲಿ 2 ಗ್ರಾಂ ಅಗರ್ ಪುಡಿ (ಜೆಲ್ಲಿಯಂತೆ ಗಟ್ಟಿಯಾಗುವ ಕಡಲಪಾಚಿಯ ಪುಡಿ) ಕುದಿಸಿ. ಬಿಸಿ ಇಳಿದು, ಗಟ್ಟಿಯಾಗುವ ಮೊದಲು ಸ್ಪಿರುಲಿನಾ ಪುಡಿ, ಬೇಯಿಸಿ ಅರೆದ ಬಟಾಣಿ, ಸ್ವಲ್ಪ ಸಿಗಡಿ ಪುಡಿ ಕಲಸಿ. ಒಣ ಕಲ್ಲಿನ ಮೇಲೆ ತೆಳುವಾಗಿ ಹರಡಿ. ಕೆರೆದು ತಿನ್ನುವ ಬಾಯಿಗೆ ವೇಫರ್‌ಗಿಂತ ಇದು ಸುಲಭ. ದೀಪ ಆರಿದ ಮೇಲೆ, ಹರಿವು ಹೆಚ್ಚಿರುವ ಜಾಗದಲ್ಲಿ ಇಳಿಸಿದರೆ ಬಾರ್ಬ್‌ಗಳ ಕಾಟ ಕಡಿಮೆ. ಬೆಳಿಗ್ಗೆ ಉಳಿದದ್ದನ್ನು ತೆಗೆಯಿರಿ.

ಹೊಳೆಬದಿ:
ಕಪ್ಪು ಪಾಚಿಗೆ ಬೇರೆ ಮೀನು ತರಬಹುದೇ? ಒಂದು ಲೋಚ್ ಇನ್ನೊಂದರ ಮೇಲೆ ಹತ್ತಿ ಮುಚ್ಚಿಕೊಳ್ಳುತ್ತದೆ, ಅದು ಜಗಳವೇ?

ಕಲ್ಲುಸಂದಿ:
ಜಗಳ ಹೌದು, ಗಾಯವಾಗುವಂಥದ್ದಲ್ಲ. ಈಗಿರುವವು ಮೈತುಂಬಿಕೊಂಡ ಮೇಲೆ ಸಂಖ್ಯೆಯನ್ನು ಐದಾರಕ್ಕೆ ಏರಿಸಿದರೆ ಒಂದರ ಮೇಲೇ ಒತ್ತಡ ಬೀಳುವುದಿಲ್ಲ. ಹೊಸ ಮೀನು ಈಗ ಬೇಡ. ಕಪ್ಪು ಪಾಚಿ ತಿನ್ನುವ ಸಯಾಮೀಸ್ ಆಲ್ಗೀ ಈಟರ್ ಲೋಚ್‌ಗಳ ಪಾಲನ್ನೂ ತಿನ್ನುತ್ತದೆ. ಅದರ ಹೆಸರಿನಲ್ಲಿ ಮಾರುವ ಚೈನೀಸ್ ಆಲ್ಗೀ ಈಟರ್ ಅಂತೂ ದೊಡ್ಡದಾದ ಮೇಲೆ ಬೇರೆ ಮೀನುಗಳ ಮೈಲೋಳೆ ಹೀರುತ್ತದೆ. ಪಾಚಿ ಹತ್ತಿದ ಎಲೆಗಳನ್ನು ಕತ್ತರಿಸಿ ಹಾಕಿ.

ಹಸಿರುಪದರ:
ಇನ್ನೊಂದು ಮಾತು. ಚೆನ್ನಾಗಿ ತಿಂದೂ ಬಡಕಲಾಗಿಯೇ ಉಳಿದು, ಮಲ ಬಿಳಿ ದಾರದಂತೆ ಬಂದರೆ ಕರುಳಿನ ಹುಳು ಇರಬಹುದು. ಆಗ ಲೀಟರಿಗೆ 2 ಮಿ.ಗ್ರಾಂ. ಲೆವಾಮಿಸೋಲ್ (ಹುಳುವಿನ ಔಷಧ), 24 ಗಂಟೆ, ದೀಪ ಆರಿಸಿ. ನಂತರ ತಳವನ್ನು ಸೈಫನ್ ಮಾಡಿ ಅರ್ಧಕ್ಕಿಂತ ಹೆಚ್ಚು ನೀರು ಬದಲಿಸಿ, ಎರಡು ಮೂರು ವಾರ ಬಿಟ್ಟು ಮತ್ತೊಮ್ಮೆ. ತಾಮ್ರವಿರುವ ಔಷಧ ಮಾತ್ರ ಈ ಮೀನಿಗೆ ಬೇಡ.