ಅಪ್‌ಡೇಟ್: ತೊಗರಿ, ಫಸಲು ಪದಗಳ ಮೂಲ ಸಿಕ್ತು

ನಮ್ಮ ಕಲಬುರಗಿ ಕಡೆ ದಿನಾ ಬಳಸೋ ‘ತೊಗರಿ’, ‘ಫಸಲು’ ಎಲ್ಲಿಂದ ಬಂದವು ಅಂತ ಕೇಳಿದ್ದೆ. ನೀವು ಹೇಳಿದಂಗ ನಿಘಂಟುಗಳನ್ನ ತೆಗೆದು ನೋಡಿದೆ.

ಫಸಲು ಬೇಗ ಸಿಕ್ತು. ಪ್ಲಾಟ್ಸ್ ಅವರ 1884ರ ಉರ್ದು ನಿಘಂಟಿನಾಗ ಪದದ ಮುಂದೆ ‘ಎ’ ಗುರುತು ಅದ, ಅಂದ್ರ ಅರಬ್ಬಿ. ಮೂಲಾರ್ಥ ಕತ್ತರಿಸು, ಬೇರ್ಪಡಿಸು. ಮುಂದೆ ಋತು, ಸುಗ್ಗಿ ಅಂತಲೂ ಆಯ್ತು.

ಮನಸ್ಸು ತುಂಬಿಸಿದ್ದು ಮಾತ್ರ ತೊಗರಿ. ಬರೋ ಮತ್ತು ಎಮೆನೊ ಅವರ ದ್ರಾವಿಡ ನಿಘಂಟು ಒಂದೇ ಬಳ್ಳಿಯ ಪದಗಳನ್ನ ಒಂದು ಸಂಖ್ಯೆಯಡಿ ಕೊಡ್ತದ. ಅಲ್ಲಿ ನಮ್ಮ ತೊಗರಿ ತಮಿಳಿನ ತುವರೈ, ಮಲಯಾಳದ ತುವರ ಜೊತೀಗೇ ಅದ, ಅಂದ್ರ ದ್ರಾವಿಡ ಪದನೇ! ಆದ್ರ ಈ ನಿಘಂಟಿನಾಗ ಇಲ್ಲದ ಪದವೆಲ್ಲ ಹೊರಗಿನದು ಅಂತ ತಿಳೀಬಾರದು. ಇನ್ನೊಂದು ನಿಘಂಟು ನೋಡಲೇಬೇಕು.

ದಾರಿ ತೋರಿಸಿದ ಅಣ್ಣಾವ್ರಿಗೆ, ಅಕ್ಕಾವ್ರಿಗೆ ಶರಣು.